ಅಕ್ರೋಟ್ ಗಿಡ: ನೆಟ್ಟ ದಿನದಿಂದ ಮೊದಲ ಕಾಯಿವರೆಗೆ

ನನ್ನ ಜಾಗದಲ್ಲಿ ಒಂದೇ ತಾಯಿಮರದ ಕಾಯಿಂದ ಬೆಳೆದ ಎರಡು ಅಕ್ರೋಟ್ ಮರಗಳಿವೆ. ಎರಡನ್ನೂ ಹಾಕಿದ್ದು ಒಂದೇ ದಿನ. ಒಂದು 9ನೇ ವರ್ಷಕ್ಕೆ ಕಾಯಿ ಬಿಟ್ಟಿತು. ಇನ್ನೊಂದಕ್ಕೆ 13 ವರ್ಷ ಬೇಕಾಯಿತು. ಮಣ್ಣು ಅದೇ, ನೀರು ಅದೇ, ನೋಡಿಕೊಂಡವಳೂ ನಾನೊಬ್ಬಳೇ. ಇವೆರಡರ ಪಕ್ಕದಲ್ಲಿ ಮೂರು ವರ್ಷ ತಡವಾಗಿ ನೆಟ್ಟ ಕಸಿ ಗಿಡವೊಂದು ಇವಕ್ಕಿಂತ ಮೊದಲೇ ಕಾಯಿ ಕೊಟ್ಟುಬಿಟ್ಟಿತು.

ಹಾಗಾಗಿ "ಅಕ್ರೋಟ್ ಎಷ್ಟು ವರ್ಷಕ್ಕೆ ಕಾಯಿ ಬಿಡುತ್ತದೆ?" ಅಂತ ಯಾರಾದರೂ ಕೇಳಿದರೆ ಒಂದು ಸಂಖ್ಯೆ ಹೇಳಿ ಸುಮ್ಮನಾಗಲು ನನಗೆ ಮನಸ್ಸು ಬರುವುದಿಲ್ಲ. ಸಂಖ್ಯೆ ಬೇಕೇ ಬೇಕು ಅಂದರೆ ಇಷ್ಟು: ಬೀಜದ ಗಿಡಕ್ಕೆ ಸಾಮಾನ್ಯವಾಗಿ 8ರಿಂದ 12 ವರ್ಷ, ಕಸಿ ಗಿಡಕ್ಕೆ 4ರಿಂದ 6 ವರ್ಷ. ಇದು ಮೊದಲ ಒಂದು ಹಿಡಿ ಕಾಯಿಯ ಲೆಕ್ಕ. ಬುಟ್ಟಿ ತುಂಬುವ ಫಸಲು ಬರಲು ಕಸಿ ಗಿಡಕ್ಕೆ ಹತ್ತು ವರ್ಷ ದಾಟಬೇಕು, ಬೀಜದ ಗಿಡಕ್ಕೆ 15ರಿಂದ 20 ವರ್ಷ ಆಗಬೇಕು. ಈ ಲೆಕ್ಕದಲ್ಲಿ ನಿಮ್ಮ ಗಿಡ ಬೇಗ ಬಿಡುವ ಕಡೆಗೋ ತಡ ಮಾಡುವ ಕಡೆಗೋ ಅನ್ನುವುದು ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲೇ ತೀರ್ಮಾನವಾಗಿಹೋಗುತ್ತದೆ. ಅದೂ ಮಣ್ಣಿನ ಕೆಳಗೆ, ನಮ್ಮ ಕಣ್ಣಿಗೆ ಕಾಣದ ಕಡೆ.

ನಾನು ಹೇಳುತ್ತಿರುವುದು ತೆಳು ಚಿಪ್ಪಿನ, ನಾವು ತಿನ್ನುವ ಅಕ್ರೋಟ್ ಬಗ್ಗೆ. ಜಗ್ಲಾನ್ಸ್ ರೀಜಿಯಾ ಅಂತ ಇದರ ಸಸ್ಯಶಾಸ್ತ್ರದ ಹೆಸರು. ಉತ್ತರ ಅಮೆರಿಕದ ಕಪ್ಪು ಅಕ್ರೋಟ್ ಇದರ ಸೋದರ ಮರ. ಅದರ ಚಿಪ್ಪು ಸುತ್ತಿಗೆಗೂ ಜಗ್ಗುವುದಿಲ್ಲ.

ಜಾಗ

ಮೊದಲು ಚಳಿಯ ಮಾತು. ಅಕ್ರೋಟ್ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಮಾಡುವ ಮರ. ಹೆಚ್ಚಿನ ತಳಿಗಳಿಗೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪಮಾನ ಸುಮಾರು 500ರಿಂದ 1000 ಗಂಟೆ ಸಿಗಬೇಕು. ಆ ನಿದ್ದೆ ಪೂರ್ತಿ ಆಗದಿದ್ದರೆ ಮೊಗ್ಗುಗಳು ಹಿಂದೆ ಮುಂದೆ ಒಡೆಯುತ್ತವೆ, ಹೂವೂ ಕಡಿಮೆ. ಗಿಡ ಹಸಿರಾಗಿ ನಿಂತಿರಬಹುದು, ಆದರೆ ಕಾಯಿ ಸಿಗುವುದಿಲ್ಲ. ಚಳಿಯೇ ಇಲ್ಲದ ಕಡೆ ಕಾಯಿಗಾಗಿ ಅಕ್ರೋಟ್ ನೆಡಬೇಡಿ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಹತ್ತು ವರ್ಷ ಕಾದ ಮೇಲೆ ಈ ಮಾತು ಗೊತ್ತಾಗುವುದಕ್ಕಿಂತ ಇವತ್ತೇ ಗೊತ್ತಾಗುವುದು ವಾಸಿ ಅಲ್ವಾ?

ಚಳಿ ಬೇಕು, ಆದರೆ ಚಿಗುರು ಒಡೆದ ಮೇಲೆ ಬರುವ ಹಿಮ ಆಗುವುದಿಲ್ಲ. ಎಳೆ ಚಿಗುರು ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಇಳಿದರೂ ಕಪ್ಪಾಗುತ್ತದೆ. ತಣ್ಣನೆಯ ಗಾಳಿ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಅದಕ್ಕೇ ತಗ್ಗು ಜಾಗ ಬೇಡ, ಸ್ವಲ್ಪ ಇಳಿಜಾರಿರುವ ಜಾಗ ಹುಡುಕಿ.

ಮಣ್ಣು ಆಳವಾಗಿರಬೇಕು. ಎರಡು ಮೀಟರ್ ಆಳದವರೆಗೆ ಬಂಡೆಯೋ ಗಟ್ಟಿ ಪದರವೋ ಸಿಗದಿದ್ದರೆ ಒಳ್ಳೆಯದು. ಮೊಣಕಾಲು ಆಳದ ಗುಂಡಿ ತೋಡಿ ನೀರು ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಆ ಜಾಗ ಬಿಟ್ಟುಬಿಡಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಆಮೇಲೆ ಯಾವ ಔಷಧಿಗೂ ಅದು ಉಳಿಯುವುದು ಕಷ್ಟ. ಗಿಡದಿಂದ ಗಿಡಕ್ಕೆ 10ರಿಂದ 12 ಮೀಟರ್ ಬಿಡಿ. ಮೊಣಕೈ ಉದ್ದದ ಗಿಡ ನೆಡುವಾಗ ಇದು ತೀರಾ ಜಾಸ್ತಿ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಈಗ ನನ್ನ ಮರಗಳ ಕೊಂಬೆಗಳು ಒಂದನ್ನೊಂದು ಮುಟ್ಟಲು ಹೆಚ್ಚೇನೂ ಉಳಿದಿಲ್ಲ.

ಇನ್ನೊಂದು ವಿಷಯ. ಈ ಜಾತಿಯ ಮರಗಳ ಬೇರು, ಎಲೆ, ಹಸಿ ಸಿಪ್ಪೆಯಲ್ಲಿ ಜುಗ್ಲೋನ್ ಅನ್ನುವ ಪದಾರ್ಥ ಇದೆ. ಅದು ಕೆಲವು ಗಿಡಗಳಿಗೆ ವಿಷ. ಟೊಮ್ಯಾಟೊ, ಆಲೂಗಡ್ಡೆ ಬೇಗ ಬಾಡುತ್ತವೆ. ಕಪ್ಪು ಅಕ್ರೋಟ್‌ನಲ್ಲಿ ಇದರ ಕಾಟ ಜಾಸ್ತಿ, ನಮ್ಮ ಅಕ್ರೋಟ್‌ನಲ್ಲಿ ಕಡಿಮೆ. ಆದರೂ ತರಕಾರಿ ಮಡಿ ದೂರವಿರಲಿ.

ಬೀಜದಿಂದ ಬೆಳೆಸುವುದಾದರೆ

ಬೀಜದ ಗಿಡ ತಾಯಿಯ ಹಾಗೇ ಇರುತ್ತದೆ ಅಂತ ನಂಬಬೇಡಿ. ಚಿಪ್ಪು ದಪ್ಪವಾಗಬಹುದು, ತಿರುಳು ಸಣ್ಣದಾಗಬಹುದು, ಕೆಲವೊಮ್ಮೆ ತಾಯಿಗಿಂತ ಚೆನ್ನಾಗಿಯೂ ಬರಬಹುದು. ಇದನ್ನು ಒಪ್ಪಿಕೊಂಡು ಶುರು ಮಾಡಿ. ಅದೇ ವರ್ಷ ಮರದಿಂದ ಬಿದ್ದ ತಾಜಾ ಕಾಯಿ ಬೇಕು. ತಿನ್ನಲು ಮಾರುವ ಕಾಯಿ ಹಳೆಯದಾಗಿರಬಹುದು, ಜಾಸ್ತಿ ಬಿಸಿಯಲ್ಲಿ ಒಣಗಿಸಿದ್ದಾದರೆ ಮೊಳೆಯುವುದೇ ಇಲ್ಲ.

ಮೊದಲು ಕಾಯಿಗಳನ್ನು ಎರಡು ದಿನ ನೀರಲ್ಲಿ ನೆನೆಸಿ. ಆಮೇಲೆ ಒದ್ದೆ ಮರಳಿನಲ್ಲಿ ಹೂತು 2ರಿಂದ 5 ಡಿಗ್ರಿ ತಂಪಿನಲ್ಲಿ ಮೂರು ನಾಲ್ಕು ತಿಂಗಳು ಇಡಬೇಕು. ಫ್ರಿಜ್‌ನ ಕೆಳಗಿನ ಭಾಗ ಸಾಕು. ಮರಳು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟೇ ಒದ್ದೆ. ನಾನು ಹದಿನೈದು ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದೆ. ಬೂಷ್ಟು ಬಂದದ್ದನ್ನು ಎಸೆದು ಮಿಕ್ಕದ್ದನ್ನು ತೊಳೆದು ಮತ್ತೆ ಇಡುತ್ತಿದ್ದೆ. ಚಿಪ್ಪಿನ ಜೋಡಣೆ ಗೆರೆ ಸ್ವಲ್ಪ ಬಾಯಿ ಬಿಟ್ಟರೆ ಹಾಕುವ ಹೊತ್ತು ಬಂತು ಅಂತ ಅರ್ಥ.

ಹಾಕುವಾಗ ಕಾಯಿಯನ್ನು ಅಡ್ಡ ಮಲಗಿಸಿ, ಜೋಡಣೆ ಗೆರೆ ಒಂದು ಕಡೆ ಆಕಾಶಕ್ಕೆ, ಇನ್ನೊಂದು ಕಡೆ ನೆಲಕ್ಕೆ ಬರುವ ಹಾಗೆ. ಬೇರು ಮತ್ತು ಚಿಗುರು ಎರಡೂ ಚೂಪು ತುದಿಯಿಂದಲೇ ಹೊರಬರುತ್ತವೆ. ಹೀಗೆ ಮಲಗಿಸಿದರೆ ಬೇರು ನೇರ ಕೆಳಕ್ಕೆ, ಚಿಗುರು ನೇರ ಮೇಲಕ್ಕೆ ಹೋಗುತ್ತದೆ. ಆರೇಳು ಸೆಂಟಿಮೀಟರ್ ಆಳ ಸಾಕು. ಮೇಲೆ ತಂತಿ ಬಲೆ ಹಾಕಲು ಮರೆಯಬೇಡಿ, ಅಳಿಲು ಇಲಿಗಳಿಗೆ ಇದರ ವಾಸನೆ ಎಷ್ಟು ದೂರದಿಂದಲೂ ಸಿಗುತ್ತದೆ. ಬೀಜದ ಬೇಳೆಗಳು ಮಣ್ಣಿನೊಳಗೇ ಉಳಿಯುತ್ತವೆ. ಒಂದೇ ಒಂದು ಕೆಂಪು ಮಿಶ್ರಿತ ಕಂದು ಕಡ್ಡಿ ಮಣ್ಣು ಸೀಳಿಕೊಂಡು ಮೇಲೆ ಬರುತ್ತದೆ.

ಈಗ ಆ ನಾಲ್ಕು ವರ್ಷದ ವ್ಯತ್ಯಾಸ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಒಂದು ಕಾಯಿಯನ್ನು ನಾನು ನೇರವಾಗಿ ನೆಲದಲ್ಲೇ ಹಾಕಿದೆ. ಇನ್ನೊಂದನ್ನು ಜೋಪಾನ ಮಾಡುವ ಆಸೆಯಿಂದ ಬಕೆಟ್‌ನಲ್ಲಿ ಹಾಕಿ ಎರಡು ವರ್ಷ ಬೆಳೆಸಿದೆ. ಬಕೆಟ್‌ನ ಗಿಡವೇ ಚೆಂದವಾಗಿ ಕಾಣುತ್ತಿತ್ತು. ನೆಲದ್ದು ಮೊದಲ ವರ್ಷ ಒಂದು ಗೇಣು ದಾಟಿರಲಿಲ್ಲ. ಮೂರನೇ ವರ್ಷ ಬಕೆಟ್ ಗಿಡವನ್ನು ನೆಲಕ್ಕೆ ಇಳಿಸಿದೆ. ಅದು ನಿಂತೇಬಿಟ್ಟಿತು. ಎರಡು ವರ್ಷ ನಾಲ್ಕು ಬೆರಳಷ್ಟೂ ಬೆಳೆಯಲಿಲ್ಲ. ನೆಲದ್ದು ಮಾತ್ರ ನನ್ನ ತಲೆ ದಾಟಿ ಹೋಯಿತು.

ಕೊನೆಗೆ ಒಂದು ಪಕ್ಕದಿಂದ ಮಣ್ಣು ಬಿಡಿಸಿ ನೋಡಿದೆ. ತಾಯಿಬೇರು ಬಕೆಟ್‌ನ ತಳ ಎಷ್ಟು ಅಗಲವಿತ್ತೋ ಅಷ್ಟೇ ಅಗಲದಲ್ಲಿ ಹಗ್ಗದ ಸಿಂಬಿಯ ಹಾಗೆ ಮೂರು ಸುತ್ತು ಸುತ್ತಿಕೊಂಡಿತ್ತು. ಬಕೆಟ್ ಹೋಗಿ ಎರಡು ವರ್ಷವಾದರೂ ಬೇರು ಆ ಸುತ್ತನ್ನು ಬಿಟ್ಟಿರಲಿಲ್ಲ. ಚೂಪಾದ ಚಾಕುವಿನಿಂದ ಸುತ್ತಿನ ಹೊರಗಿನ ಭಾಗ ಕತ್ತರಿಸಿ, ಉಳಿದದ್ದನ್ನು ಕೆಳಮುಖ ಮಾಡಿ ಮಣ್ಣು ಮುಚ್ಚಿದೆ. ಮುಂದಿನ ವರ್ಷದಿಂದ ಗಿಡ ಎದ್ದಿತು. ಆದರೆ ಕಳೆದ ಆ ವರ್ಷಗಳು ವಾಪಸ್ ಬರಲಿಲ್ಲ.

ಅಕ್ರೋಟ್‌ನ ಎಳೆ ಗಿಡ ಮೊದಲು ಕೆಳಗೆ ಬೆಳೆಯುತ್ತದೆ, ಆಮೇಲೆ ಮೇಲೆ. ಮೇಲೆ ಒಂದು ಗೇಣು ಇರುವಾಗ ಕೆಳಗೆ ಎರಡು ಮೂರು ಗೇಣು ಇಳಿದಿರುತ್ತದೆ. ಅದಕ್ಕೇ ಬೀಜವನ್ನು ಮರ ನಿಲ್ಲಬೇಕಾದ ಜಾಗದಲ್ಲೇ ಹಾಕಿ. ಆಗದಿದ್ದರೆ ಉದ್ದನೆಯ, ತಳ ತೆರೆದ ಕೊಳವೆಯಲ್ಲಿ ಬೆಳೆಸಿ ಒಂದೇ ವರ್ಷಕ್ಕೆ ನೆಲಕ್ಕೆ ಇಳಿಸಿಬಿಡಿ.

ಕಸಿ ಗಿಡ ಯಾಕೆ ಬೇಗ ಬಿಡುತ್ತದೆ

ಕಸಿ ಗಿಡದ ಮೇಲಿನ ಭಾಗ ಆಗಲೇ ಕಾಯಿ ಬಿಟ್ಟಿರುವ ಮರದ ಕಡ್ಡಿ. ನೋಡಲು ಎಳೆಯದು, ವಯಸ್ಸಿನಲ್ಲಿ ದೊಡ್ಡದು. ಬೀಜದ ಗಿಡ ಬಾಲ್ಯ ದಾಟಬೇಕು, ಇದು ದಾಟಿ ಬಂದಿದೆ. ಆದರೆ ಅಕ್ರೋಟ್‌ಗೆ ಕಸಿ ಕಟ್ಟುವುದು ಮಾವಿಗೆ ಕಟ್ಟಿದಷ್ಟು ಸುಲಭವಲ್ಲ. ಕತ್ತರಿಸಿದ ಕಡೆ ರಸ ಸುರಿಯುತ್ತದೆ, ಗಾಯ ಕೂಡಿಕೊಳ್ಳಲು 26, 27 ಡಿಗ್ರಿ ಬಿಸಿ ಬೇಕು. ಅದಕ್ಕೇ ಒಳ್ಳೆ ಕಸಿ ಗಿಡ ಹುಡುಕಬೇಕಾಗುತ್ತದೆ. ಕೊಳ್ಳುವಾಗ ಬುಡದ ಹತ್ತಿರ ಸಣ್ಣ ಬಾಗು ಅಥವಾ ಗಂಟು ಇದೆಯಾ, ಅದರ ಮೇಲೆ ಕೆಳಗೆ ತೊಗಟೆಯ ಬಣ್ಣ ಬೇರೆಯಾ ಅಂತ ಬೆರಳಾಡಿಸಿ ನೋಡಿ. ಕಸಿ ಅಂತ ಹೇಳಿ ನನಗೊಮ್ಮೆ ಬೀಜದ ಗಿಡ ಕೊಟ್ಟಿದ್ದರು. ಬುಡ ನೋಡಿ ವಾಪಸ್ ಮಾಡಿದೆ.

ತಳಿಯಲ್ಲೂ ಎರಡು ಸ್ವಭಾವ. ಹಳೆ ತಳಿಗಳು ಕೊಂಬೆಯ ತುದಿಯ ಮೊಗ್ಗಿನಲ್ಲಿ ಮಾತ್ರ ಕಾಯಿ ಬಿಡುತ್ತವೆ. ಫ್ರಾನ್ಸ್‌ನ ಫ್ರಾಂಕೆಟ್ ಹಾಗೆ. ಹೊಸ ತಳಿಗಳು ಪಕ್ಕದ ಮೊಗ್ಗುಗಳಲ್ಲೂ ಬಿಡುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1979ರಲ್ಲಿ ಬಿಡುಗಡೆ ಮಾಡಿದ ಚಾಂಡ್ಲರ್ ಈ ಬಗೆಯದು. ಎಳೆ ಗಿಡದಲ್ಲಿ ತುದಿಗಳು ಎಷ್ಟಿರುತ್ತವೆ? ಐದೋ ಆರೋ. ಪಕ್ಕದ ಮೊಗ್ಗು ಬಿಡುವ ತಳಿಗೆ ಅದೇ ಗಿಡದಲ್ಲಿ ಮೂವತ್ತು ಜಾಗ ಸಿಗುತ್ತದೆ. ಬೇಗ ಕಾಯಿ ಬರುವ ಗುಟ್ಟು ಇದೇ. ನಾನು ಎರಡನ್ನೂ ನೆಟ್ಟೆ: ಕಾಯಿಗೆ ಚಾಂಡ್ಲರ್, ಅದಕ್ಕೆ ಪರಾಗ ಕೊಡಲು ಫ್ರಾಂಕೆಟ್.

ನೆಡುವುದು ಎಲೆ ಉದುರಿ ಗಿಡ ಮಲಗಿರುವಾಗ. ಕಸಿಯ ಗಂಟು ಮಣ್ಣಿನಿಂದ ಒಂದು ಗೇಣಾದರೂ ಮೇಲಿರಲಿ. ಗುಂಡಿಗೆ ಹಸಿ ಗೊಬ್ಬರ ಬೇಡ, ತೆಗೆದ ಮಣ್ಣನ್ನೇ ತುಂಬಿ. ನೆಟ್ಟ ಮೇಲೆ ಗಿಡದ ತುದಿಯನ್ನು ಒಂದು ಬಲವಾದ ಮೊಗ್ಗಿನ ಮೇಲಕ್ಕೆ ಕತ್ತರಿಸಿ. ಕೈ ನಡುಗುತ್ತದೆ, ಗೊತ್ತು. ಆದರೂ ಕತ್ತರಿಸಿ. ಬೇರು ಅರ್ಧ ಕಳೆದುಕೊಂಡು ಬಂದ ಗಿಡ ಉದ್ದ ಕಾಂಡವನ್ನು ಸಾಕಲಾರದು. ಕಾಂಡಕ್ಕೆ ಬಿಳಿ ಸುಣ್ಣ ಬಳಿದರೆ ಬಿಸಿಲಿಗೆ ತೊಗಟೆ ಸುಡುವುದಿಲ್ಲ.

ಕಾಯುವ ವರ್ಷಗಳು

ಈ ವರ್ಷಗಳಲ್ಲಿ ಗಿಡದ ದೊಡ್ಡ ಶತ್ರು ಹುಲ್ಲು. ಬುಡದ ಸುತ್ತ ಒಂದು ಮೀಟರ್ ಹುಲ್ಲಿಲ್ಲದ ಹಾಗೆ ನೋಡಿಕೊಳ್ಳಿ, ಒಣ ಎಲೆಯ ಮುಚ್ಚಿಗೆ ಹಾಕಿ, ಆದರೆ ಮುಚ್ಚಿಗೆ ಕಾಂಡಕ್ಕೆ ತಾಗಬಾರದು. ನೀರು ದಿನಾ ಸ್ವಲ್ಪ ಸ್ವಲ್ಪ ಬೇಡ. ವಾರಕ್ಕೊಮ್ಮೆ ಆಳಕ್ಕೆ ಇಳಿಯುವ ಹಾಗೆ ಕೊಡಿ, ಕಾಂಡ ಒದ್ದೆ ಮಾಡದೆ. ಸಾರಜನಕದ ಗೊಬ್ಬರ ಚಿಗುರು ಬೆಳೆಯುವ ಕಾಲಕ್ಕೆ ಮಾತ್ರ. ಬೇಸಿಗೆಯ ಕೊನೆಗೆ ಕೊಟ್ಟರೆ ಎಳೆ ಚಿಗುರು ಬಲಿಯುವ ಮೊದಲೇ ಚಳಿ ಬಂದು ಸುಡುತ್ತದೆ. ಎಲೆ ಸಣ್ಣದಾಗಿ ಗುಂಪು ಗುಂಪಾಗಿ ಬಂದರೆ ಸತು ಕಡಿಮೆ ಇರಬಹುದು, ಅಕ್ರೋಟ್‌ನಲ್ಲಿ ಇದು ಸಾಮಾನ್ಯ.

ಕೊಂಬೆ ಸವರುವುದು ಚಳಿಗಾಲದ ಕೊನೆಗೆ ಬೇಡ. ಆಗ ಕತ್ತರಿಸಿದರೆ ನಲ್ಲಿ ಬಿಟ್ಟ ಹಾಗೆ ರಸ ತೊಟ್ಟಿಕ್ಕುತ್ತದೆ. ನಾನು ನಡುಬೇಸಿಗೆ ದಾಟಿದ ಮೇಲೆ, ಎಲೆ ಪೂರ್ತಿ ಇರುವಾಗ ಸವರುತ್ತೇನೆ. ಕತ್ತರಿಸಿದ ಕಡ್ಡಿಯನ್ನು ಉದ್ದಕ್ಕೆ ಸೀಳಿ ನೋಡಿ. ನಡುವಿನ ತಿರುಳು ತುಂಬಿರುವುದಿಲ್ಲ, ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಪರದೆಗಳು, ನಡುವೆ ಪುಟ್ಟ ಪುಟ್ಟ ಖಾಲಿ ಕೋಣೆಗಳು. ತುದಿಯಲ್ಲಿ ಕಾಯಿ ಬಿಡುವ ತಳಿಯನ್ನು ಬೇಲಿ ಕತ್ತರಿಸಿದ ಹಾಗೆ ಸುತ್ತ ಕತ್ತರಿಸಬೇಡಿ. ಹೋಗುವುದು ಬರುವ ವರ್ಷದ ಕಾಯಿಗಳೇ.

ಹೂ ಬಂತು, ಕಾಯಿ ಯಾಕೆ ಬರಲಿಲ್ಲ?

ಇಲ್ಲೇ ಹೆಚ್ಚು ಜನ ಎದೆಗುಂದುವುದು. ನನ್ನ ಚಾಂಡ್ಲರ್ ಮೂರನೇ ವಸಂತದಲ್ಲಿ ಹೂ ಬಿಟ್ಟಿತು. ಹನ್ನೊಂದು ಹೆಣ್ಣು ಹೂ, ನಾನೇ ಎಣಿಸಿದ್ದೆ. ಒಂದು ತಿಂಗಳೊಳಗೆ ಹನ್ನೊಂದೂ ಉದುರಿದವು. ಗೊಬ್ಬರ ಕಡಿಮೆಯಾಯಿತಾ, ನೀರು ಕಡಿಮೆಯಾಯಿತಾ ಅಂತ ತಲೆ ಕೆಡಿಸಿಕೊಂಡೆ. ಕಾರಣ ಅದ್ಯಾವುದೂ ಅಲ್ಲ. ಆ ವರ್ಷ ಗಿಡದಲ್ಲಿ ಗಂಡು ಹೂವೇ ಇರಲಿಲ್ಲ.

ಅಕ್ರೋಟ್‌ನಲ್ಲಿ ಗಂಡು ಹೂ ಹೆಣ್ಣು ಹೂ ಒಂದೇ ಮರದಲ್ಲಿ, ಆದರೆ ಬೇರೆ ಬೇರೆ ಜಾಗದಲ್ಲಿ. ಗಂಡು ಹೂ ಹಿಂದಿನ ವರ್ಷದ ಕಡ್ಡಿಯ ಮೇಲೆ, ಬಾಲದ ಹಾಗೆ ಜೋತುಬೀಳುವ ಹಸಿರು ಗೊಂಚಲು, ಬೆರಳಿಗಿಂತ ಉದ್ದ. ಹೆಣ್ಣು ಹೂ ಈ ವರ್ಷದ ಹೊಸ ಚಿಗುರಿನ ತುದಿಯಲ್ಲಿ. ಅದನ್ನು ಹುಡುಕಿಯೇ ನೋಡಬೇಕು. ದಳವಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡ ಹಸಿರು ಹೂಜಿ, ಅದರ ಬಾಯಲ್ಲಿ ಎರಡು ಗರಿ. ಮೊದಲು ಗರಿಗಳು ಕೈಮುಗಿದ ಹಾಗೆ ಕೂಡಿಕೊಂಡಿರುತ್ತವೆ. ಆಮೇಲೆ ಮೊಲದ ಕಿವಿಯ ಹಾಗೆ ಅಗಲವಾಗಿ, ಒದ್ದೆ ಒದ್ದೆಯಾಗಿ ಹೊಳೆಯುತ್ತವೆ. ಪರಾಗ ಬೀಳಬೇಕಾದದ್ದು ಆ ಕೆಲವೇ ದಿನಗಳಲ್ಲಿ. ಗರಿ ಹಿಂದಕ್ಕೆ ಮಡಚಿ ಕಂದಾಯಿತು ಅಂದರೆ ಹೊತ್ತು ಮುಗಿಯಿತು.

ಜೇನಿಗೂ ಇದಕ್ಕೂ ಸಂಬಂಧ ಇಲ್ಲ, ಎಲ್ಲ ಗಾಳಿಯ ಕೆಲಸ. ತೊಂದರೆ ಏನೆಂದರೆ ಹೆಚ್ಚಿನ ಮರಗಳಲ್ಲಿ ಗಂಡು ಹೂ ಮತ್ತು ಹೆಣ್ಣು ಹೂ ಒಂದೇ ಹೊತ್ತಿಗೆ ಅರಳುವುದಿಲ್ಲ. ಕೆಲವು ಮರಗಳಲ್ಲಿ ಗಂಡು ಮೊದಲು, ಕೆಲವುದರಲ್ಲಿ ಹೆಣ್ಣು ಮೊದಲು. ತನ್ನ ಪರಾಗವೇ ತನಗೆ ಆಗುತ್ತದೆ, ಆದರೆ ಹೊತ್ತು ಕೂಡಿಬರುವುದು ಕಷ್ಟ. ಅದಕ್ಕೇ ಎರಡು ಬೇರೆ ತಳಿಯ ಮರಗಳು ಬೇಕು. ಎಳೆ ಗಿಡದಲ್ಲಿ ಇನ್ನೊಂದು ಕಷ್ಟ: ಹೆಣ್ಣು ಹೂ ಬಂದು ಒಂದೆರಡು ವರ್ಷದ ಮೇಲೆ ಗಂಡು ಗೊಂಚಲು ಬರುವುದು ಸಾಮಾನ್ಯ. ಅಷ್ಟರವರೆಗೆ ಹೂ ಉದುರಿದರೆ ಗಿಡದಲ್ಲಿ ದೋಷ ಇದೆ ಅಂತಲ್ಲ.

ನಾಲ್ಕನೇ ವರ್ಷ ನಾನೇ ಕೈ ಹಾಕಿದೆ. ಪರಿಚಯದವರ ದೊಡ್ಡ ಮರದಿಂದ, ಹಳದಿಗೆ ತಿರುಗಿ ಇನ್ನೇನು ಪರಾಗ ಉದುರಿಸಲಿರುವ ಐದಾರು ಗೊಂಚಲು ತಂದೆ. ಮನೆಯೊಳಗೆ ಗಾಳಿಯಾಡದ ಕಡೆ ಬಿಳಿ ಕಾಗದದ ಮೇಲೆ ಹರವಿದೆ. ಬೆಳಗ್ಗೆ ಎದ್ದು ನೋಡಿದರೆ ಕಾಗದದ ಮೇಲೆ ಅರಿಶಿನದ ಹಾಗೆ ಹಳದಿ ಪುಡಿ. ಮೃದುವಾದ ಬಣ್ಣದ ಕುಂಚಕ್ಕೆ ಅದನ್ನು ಹಚ್ಚಿ, ಒಣ ಬೆಳಗಿನಲ್ಲಿ, ಕಿವಿ ಅಗಲಿಸಿ ಹೊಳೆಯುತ್ತಿದ್ದ ಪ್ರತಿ ಹೂವಿನ ಮೇಲೆ ಸುಮ್ನೆ ತಾಗಿಸಿದೆ. ಎರಡು ದಿನ ಬಿಟ್ಟು ಮಿಕ್ಕ ಹೂಗಳಿಗೆ ಇನ್ನೊಮ್ಮೆ. ಜಾಸ್ತಿ ಬಳಿಯಬಾರದು, ಪರಾಗ ಅತಿಯಾದರೂ ಕೆಲವು ತಳಿಗಳು ಹೂ ಉದುರಿಸುತ್ತವೆ. ಆ ವರ್ಷ ಏಳು ಕಾಯಿ ನಿಂತವು. ನನ್ನ ಜಾಗದ ಮೊದಲ ಅಕ್ರೋಟ್ ಅವು.

ಮುಂದಿನ ವರ್ಷ ಹೂ ಬರುತ್ತದಾ ಅಂತ ಚಳಿಗಾಲದಲ್ಲೇ ತಿಳಿಯಬಹುದು. ಎಲೆ ಉದುರಿದ ಮೇಲೆ ಕಡ್ಡಿಯನ್ನು ಹತ್ತಿರದಿಂದ ನೋಡಿ. ತುದಿಯಲ್ಲಿ ದುಂಡಗೆ ಕೊಬ್ಬಿದ ಮೊಗ್ಗು ಇದ್ದರೆ ಅದರೊಳಗೆ ಚಿಗುರಿನ ಜೊತೆ ಹೆಣ್ಣು ಹೂ ಇರುವ ಸಂಭವ ಇದೆ. ಪಕ್ಕದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಪುಟ್ಟ ಪೈನ್ ಕಾಯಿಯ ಹಾಗೆ ಪದರ ಪದರವಾಗಿ ಕಾಣುವುದು ಗಂಡು ಗೊಂಚಲಿನ ಮೊಗ್ಗು. ಚೂಪಾಗಿ ಸಣ್ಣಗಿದ್ದರೆ ಬರೀ ಎಲೆ.

ಕೊಯ್ಲು

ಮಳೆಯ ವಸಂತದಲ್ಲಿ ಎಳೆ ಕಾಯಿಯ ತುದಿ ಕಪ್ಪಾದರೆ ಅದು ಬ್ಯಾಕ್ಟೀರಿಯಾದ ಕಪ್ಪು ರೋಗ. ಕಾಯಿಯೊಳಗೆ ಹುಳ ಕಂಡರೆ ಬಿದ್ದದ್ದನ್ನೆಲ್ಲ ದಿನಾ ಆರಿಸಿ ದೂರ ಹಾಕಿ. ಒಂದೆರಡು ಮರ ಇರುವವರಿಗೆ ಇಷ್ಟು ಶುಚಿ ಇಟ್ಟುಕೊಳ್ಳುವುದೇ ದೊಡ್ಡ ಮದ್ದು.

ಹಸಿ ಸಿಪ್ಪೆ ಬಿರುಕು ಬಿಡಲು ಶುರುವಾದಾಗ ಒಂದು ಕಾಯಿ ಒಡೆದು ನೋಡಿ. ತಿರುಳಿನ ಎರಡು ಹೋಳುಗಳ ನಡುವೆ ತೆಳು ಪೊರೆ ಇರುತ್ತದೆ. ಅದು ಬೆಳ್ಳಗಿದ್ದರೆ ಕಾಯಿ ಇನ್ನೂ ಬಲಿತಿಲ್ಲ, ಕಂದಾಗಿದ್ದರೆ ತಿರುಳು ಬಲಿತಿದೆ. ಆಗ ಕೊಂಬೆ ಅಲುಗಿಸಿ ಬೀಳಿಸಿ, ಅದೇ ದಿನ ಸಿಪ್ಪೆ ಬಿಡಿಸಿ. ಸಿಪ್ಪೆಯೊಳಗೇ ಬಿಟ್ಟರೆ ತಿರುಳು ಕಪ್ಪಾಗುತ್ತದೆ. ಕೈಗವಸು ಹಾಕಿಕೊಳ್ಳಿ, ಆ ಕಂದು ಕಲೆ ಯಾವ ಸೋಪಿಗೂ ಹೋಗುವುದಿಲ್ಲ, ಚರ್ಮವೇ ಹೊಸದಾಗಬೇಕು. ತೊಳೆದ ಕಾಯಿಯನ್ನು ನೆರಳಲ್ಲಿ, ಗಾಳಿಯಾಡುವ ಜಾಲರಿಯ ಮೇಲೆ ಒಂದೇ ಪದರವಾಗಿ ಹರಡಿ, ದಿನಾ ಕೈಯಾಡಿಸಿ. 40 ಡಿಗ್ರಿಗಿಂತ ಜಾಸ್ತಿ ಬಿಸಿ ತಾಗಬಾರದು, ಎಣ್ಣೆ ಕಮಟಾಗುತ್ತದೆ. ಒಂದೆರಡು ವಾರದಲ್ಲಿ ತಿರುಳು ಬಾಗದೆ ಚಟ್ ಅಂತ ಮುರಿದರೆ ಒಣಗಿದೆ. ಚಿಪ್ಪಿನ ಸಮೇತ ತಂಪಾದ ಕಡೆ ಇಟ್ಟರೆ ಮುಂದಿನ ಕೊಯ್ಲಿನವರೆಗೂ ಇರುತ್ತದೆ.

ನೆಲದಲ್ಲೇ ಹುಟ್ಟಿದ ಆ ಮೊದಲ ಮರದ ಮೊದಲ ಕಾಯಿಗಳಲ್ಲಿ ಒಂದನ್ನು ನಾನು ತಿನ್ನದೆ ಎತ್ತಿಟ್ಟಿದ್ದೆ. ಮರಳಲ್ಲಿ ಚಳಿಗೆ ಇಟ್ಟು, ಈ ಸಲ ಬಕೆಟ್ ಮುಟ್ಟದೆ, ಫ್ರಾಂಕೆಟ್‌ನಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ನೆಲಕ್ಕೇ ಹಾಕಿದೆ. ಆ ಗಿಡಕ್ಕೆ ಈಗ ಏಳು ವರ್ಷ. ಮೊನ್ನೆ ಎಲೆಯೆಲ್ಲ ಉದುರಿದ ಮೇಲೆ ಕೆಳಗಿನ ಒಂದು ಕೊಂಬೆ ಬಗ್ಗಿಸಿ ನೋಡಿದೆ. ಗಂಡು ಗೊಂಚಲಿನ ಮೊಗ್ಗು ಒಂದೂ ಇಲ್ಲ. ಆದರೆ ತುದಿಗಳಲ್ಲಿ ನಾಲ್ಕು ದುಂಡು ಮೊಗ್ಗುಗಳಿವೆ. ಕುಂಚ ತೊಳೆದು ಒಣಗಿಸಿ ಇಟ್ಟಿದ್ದೇನೆ.